ಲಕೋಟೆಯ ಖರ್ಚು, ಕಾರ್ಡಿನ ಬೆಲೆ: ಅಂಚೆಯಲ್ಲಿ ಕಾರ್ಡು ವಿನಿಮಯ ಗಿಟ್ಟುತ್ತದೆಯೇ?

ಪ್ಯಾಕೆಟ್ಟುಗಳಲ್ಲಿ ಸಿಗುವ ಸಂಗ್ರಹದ ಚಿತ್ರಕಾರ್ಡುಗಳನ್ನು ಅಂಚೆಯ ಮೂಲಕ ವಿನಿಮಯ ಮಾಡಿಕೊಳ್ಳುವುದು ಖರ್ಚಿಗೆ ತಕ್ಕದ್ದೇ ಎಂದು ಯಾರಾದರೂ ಕೇಳಿದಾಗ, ಸಾಮಾನ್ಯವಾಗಿ ಸಿಗುವ ಉತ್ತರ ಅಂಚೆಚೀಟಿಯ ಬೆಲೆಯಿಂದ ಶುರುವಾಗಿ ಅಲ್ಲಿಯೇ ಮುಗಿದುಬಿಡುತ್ತದೆ. ಕೆಲವು ವರ್ಷಗಳಿಂದ ಈ ಬಗೆಯ ವಿನಿಮಯ ಮಾಡುತ್ತ ಬಂದಿರುವ ನಾನು, ಕಳುಹಿಸಿದ ಮತ್ತು ಬಂದ ಪ್ರತಿಯೊಂದು ಲಕೋಟೆಗೂ ಒಂದು ಸಾಲನ್ನು ಮೀಸಲಿಟ್ಟು, ಯಾವ ಕಾರ್ಡು ಹೋಯಿತು, ಯಾವುದು ಬಂತು, ಎರಡಕ್ಕೂ ಆ ದಿನದ ಬೆಲೆ ಎಷ್ಟಿತ್ತು, ಅಂಚೆಗೆ ಎಷ್ಟಾಯಿತು, ಪ್ಯಾಕಿಂಗಿಗೆ ಎಷ್ಟಾಯಿತು, ಬಂದದ್ದು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಮೇಲು: ಸೆಟ್ಟಿನ ಕೊನೆಯ ಖಾಲಿ ಜಾಗಗಳನ್ನು ತುಂಬಲು, ಐದಾರು ಕಾರ್ಡುಗಳನ್ನು ಒಟ್ಟುಗೂಡಿಸಿ ಕಳುಹಿಸುವುದಾದರೆ, ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ, ಆದರೆ ಒಂದಕ್ಕೆ ಒಂದರಂತೆ ಅಗ್ಗದ ಕಾರ್ಡು ಬದಲಾಯಿಸಲು ಹೊರಟರೆ ಹಣ ಪೋಲಾಗುತ್ತದೆ, ತೀರಾ ಬೆಲೆಬಾಳುವ ಕಾರ್ಡನ್ನು ಕಳುಹಿಸಲು ಹೊರಟರೆ ನಿದ್ದೆ ಹಾಳಾಗುತ್ತದೆ.

ಕೊನೆಯ ಖಾಲಿ ಜಾಗಗಳು ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ಗಣಿತದಲ್ಲಿದೆ. 200 ಕಾರ್ಡುಗಳ ಒಂದು ಸೆಟ್ ಇದೆ, ಎಲ್ಲ ಕಾರ್ಡುಗಳೂ ಸಮಾನ ಸಂಖ್ಯೆಯಲ್ಲಿ ಅಚ್ಚಾಗಿವೆ, ಪ್ಯಾಕೆಟ್ಟಿನಲ್ಲಿ ಯಾವುದು ಸಿಗುತ್ತದೆ ಎಂಬುದು ಕೇವಲ ಅದೃಷ್ಟಕ್ಕೆ ಬಿಟ್ಟದ್ದು ಎಂದಿಟ್ಟುಕೊಳ್ಳೋಣ. ಪ್ಯಾಕೆಟ್ಟುಗಳನ್ನು ಮಾತ್ರ ಕೊಂಡು ಈ ಸೆಟ್ಟನ್ನು ಪೂರ್ತಿ ಮಾಡಲು ಸರಾಸರಿ ಸುಮಾರು 1,176 ಕಾರ್ಡುಗಳು ಬೇಕಾಗುತ್ತವೆ. ಇದರಲ್ಲಿ ಮೊದಲ 190 ಬೇರೆ ಬೇರೆ ಕಾರ್ಡುಗಳು ಸಿಗುವ ಹೊತ್ತಿಗೆ ಸುಮಾರು 590 ಕಾರ್ಡು ಕೊಂಡಿರುತ್ತೇವೆ. ಉಳಿದ ಹತ್ತೇ ಹತ್ತು ಕಾರ್ಡುಗಳಿಗೆ ಮತ್ತೆ 586 ಕಾರ್ಡು ಕೊಳ್ಳಬೇಕಾಗುತ್ತದೆ. ಕಟ್ಟಕಡೆಯ ಒಂದು ಕಾರ್ಡಿಗಾಗಿಯೇ ಸರಾಸರಿ 200 ಕಾರ್ಡು ಬಿಡಿಸಿ ನೋಡಬೇಕು. ಗಣಿತದಲ್ಲಿ ಇದಕ್ಕೆ ಕೂಪನ್ ಸಂಗ್ರಾಹಕನ ಸಮಸ್ಯೆ ಎಂದೇ ಹೆಸರಿದೆ. ಅಪರೂಪದ ಕಾರ್ಡುಗಳನ್ನು ಬೇಕೆಂದೇ ಕಡಿಮೆ ಅಚ್ಚು ಹಾಕಿದ ಸೆಟ್ಟುಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಇನ್ನೊಂದು ಕಡೆಯಿಂದ ನೋಡಿ: 190 ಕಾರ್ಡು ಸೇರಿಸಿದವನ ಕೈಯಲ್ಲಿ ಆಗಲೇ ಸುಮಾರು 400 ಡೂಪ್ಲಿಕೇಟುಗಳು ರಾಶಿ ಬಿದ್ದಿರುತ್ತವೆ, ಮತ್ತು ಅದೇ ಸೆಟ್ಟನ್ನು ಸೇರಿಸುತ್ತಿರುವ ಮತ್ತೊಬ್ಬರಿಗೆ ಬೇಕಾದ ಕೊನೆಯ ಹತ್ತರಲ್ಲಿ ಬಹುಪಾಲು ಆ ರಾಶಿಯಲ್ಲಿಯೇ ಇರುತ್ತವೆ. ಹೀಗಿರುವಾಗ ಪ್ಯಾಕೆಟ್ಟಿನ ಮೇಲೆ ಪ್ಯಾಕೆಟ್ ಒಡೆಯುವುದಕ್ಕೆ ಹೋಲಿಸಿದರೆ ಎರಡು ಲಕೋಟೆಗಳ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ವಿನಿಮಯವೆಂಬುದು ಈ ಹವ್ಯಾಸಕ್ಕೆ ಹೊರಗಿನಿಂದ ಬಂದು ಸೇರಿದ್ದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಹೊರಬಂದಾಗ, ಆಟಗಾರರು ತಮ್ಮ ತಮ್ಮಲ್ಲಿ ಕಾರ್ಡುಗಳನ್ನು ಬದಲಾಯಿಸಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆಯೇ ಆ ಆಟ ನಿಂತಿತ್ತು. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ವಿಡಿಯೋ ಆಟದ ಎರಡು ಆವೃತ್ತಿಗಳಲ್ಲಿ ಒಂದನ್ನೇ ಆಡುವವರಿಗೆ ಎಲ್ಲ ಪೋಕೆಮಾನ್‌ಗಳೂ ಸಿಗುತ್ತಿರಲಿಲ್ಲ. ಇನ್ನೊಬ್ಬರ ಜೊತೆ ಕೇಬಲ್ ಜೋಡಿಸಿ ಬದಲಾಯಿಸಿಕೊಳ್ಳಲೇಬೇಕಿತ್ತು. ಅದೇ ವರ್ಷ ಅದರ ಕಾರ್ಡುಗಳೂ ಬಂದವು. ಅಕ್ಕಪಕ್ಕದಲ್ಲಿ ಅದೇ ಸೆಟ್ ಸೇರಿಸುವವರು ಇದ್ದರೆ ಅಂಚೆಯ ಮಾತೇ ಬೇಕಿಲ್ಲ. ಇಲ್ಲದವರಿಗೆ ಆ ಕೇಬಲ್ಲಿನ ಜಾಗದಲ್ಲಿ ಇರುವುದು ಅಂಚೆ.

ಇನ್ನು ಹಣದ ಲೆಕ್ಕ. ಇದನ್ನು ಯಾವುದೇ ದೇಶದ ನಾಣ್ಯದಲ್ಲಿ ಬರೆದರೂ ನಾಳೆ ಬದಲಾಗುತ್ತದೆ. ಆದ್ದರಿಂದ ನನ್ನ ಪುಸ್ತಕದಲ್ಲಿ ನಾನು ಒಂದು ಸಾಮಾನ್ಯ ಲಕೋಟೆಯ ಪೂರ್ತಿ ಖರ್ಚನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಅಂಚೆಚೀಟಿ, ಲಕೋಟೆ, ಕಾರ್ಡಿಗೆ ತೊಡಿಸುವ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು ಎಲ್ಲ ಸೇರಿ ಆಗುವ ಮೊತ್ತವನ್ನು ಒಂದು 'ಲಕೋಟೆ' ಎಂದು ಕರೆದು, ಕಾರ್ಡುಗಳ ಬೆಲೆಯನ್ನೂ ಎಷ್ಟು ಲಕೋಟೆ ಎಂದೇ ಬರೆಯುತ್ತೇನೆ. ಹೀಗೆ ಬರೆಯತೊಡಗಿದ ಮೇಲೆ ಕಣ್ಣಿಗೆ ರಾಚಿದ ಸಂಗತಿ ಏನೆಂದರೆ, ಆರಂಭದ ದಿನಗಳಲ್ಲಿ ನಾನು ಉತ್ಸಾಹದಿಂದ ಮಾಡಿದ ವಿನಿಮಯಗಳಲ್ಲಿ ಹೆಚ್ಚಿನವು ಅರ್ಧ ಲಕೋಟೆ ಬೆಲೆಯ ಕಾರ್ಡಿಗಾಗಿ ಒಂದು ಲಕೋಟೆ ಖರ್ಚು ಮಾಡಿದಂಥವು. ಆ ಕಡೆಯವರೂ ಅಷ್ಟೇ ಖರ್ಚು ಮಾಡಿದ್ದರು. ಇಬ್ಬರೂ ಸೇರಿ ಎರಡು ಲಕೋಟೆ ವ್ಯಯಿಸಿ, ಒಂದು ಲಕೋಟೆ ಬೆಲೆಯ ಕಾರ್ಡುಗಳನ್ನು ಅತ್ತಿತ್ತ ಸಾಗಿಸಿದ್ದೆವು.

ಇದಕ್ಕೆ ಪರ್ಯಾಯವಾಗಿ ಹೇಳುವುದು, ಬೇಡದ ಕಾರ್ಡನ್ನು ಮಾರಿ ಬೇಕಾದ ಕಾರ್ಡನ್ನು ಕೊಳ್ಳಿ ಎಂದು. ಕೇಳಲು ಸರಳವಾಗಿದೆ, ಆದರೆ ಮಾರುವಾಗಲೂ ಒಂದು ಲಕೋಟೆ ಹೋಗುತ್ತದೆ, ಕೊಳ್ಳುವಾಗಲೂ ಒಂದು ಬರುತ್ತದೆ, ಮತ್ತು ಆ ಎರಡೂ ಲಕೋಟೆಗಳ ಖರ್ಚು ಒಂದಲ್ಲ ಒಂದು ರೂಪದಲ್ಲಿ ನಮ್ಮ ತಲೆಯ ಮೇಲೆಯೇ ಬರುತ್ತದೆ. ಅದರ ಮೇಲೆ ಮಾರಾಟದ ಜಾಲತಾಣದ ಕಮಿಷನ್ ಬೇರೆ. ಅಂಗಡಿಗೆ ಮಾರಿದರೆ ಕಮಿಷನ್ ಇಲ್ಲ ನಿಜ, ಆದರೆ ಅಂಗಡಿಯವರು ತಾವು ಮಾರುವ ಬೆಲೆಗಿಂತ ಬಹಳಷ್ಟು ಕಡಿಮೆ ಕೊಡುತ್ತಾರೆ. ಅವರು ಬಾಡಿಗೆ ಕಟ್ಟಿ, ದಾಸ್ತಾನು ಇಟ್ಟುಕೊಂಡು ವ್ಯಾಪಾರ ಮಾಡಬೇಕಾದವರು, ಅದರಲ್ಲಿ ತಪ್ಪೇನೂ ಇಲ್ಲ. ವಿನಿಮಯದಲ್ಲಿ ಈ ಕಮಿಷನ್ನೂ ಇಲ್ಲ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರವೂ ಇಲ್ಲ: ಎರಡೂ ಕಡೆಯ ಕಾರ್ಡುಗಳನ್ನು ಒಂದೇ ಬೆಲೆಪಟ್ಟಿಯಿಂದ ಅಳೆಯುತ್ತೇವೆ. ಕಾರ್ಡುಗಳ ಮೊತ್ತ ಹೆಚ್ಚಾದಷ್ಟೂ ಈ ಉಳಿತಾಯ ಬೆಳೆಯುತ್ತ ಹೋಗುತ್ತದೆ, ಅಂಚೆಯ ಖರ್ಚು ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ಅನುಭವದಲ್ಲಿ ನನ್ನ ಕಡೆಯಿಂದ ಹೋಗುವ ಕಾರ್ಡುಗಳ ಒಟ್ಟು ಬೆಲೆ ಎಂಟು ಹತ್ತು ಲಕೋಟೆಯಷ್ಟಾದರೂ ಇದ್ದರೆ ಮಾತ್ರ ವಿನಿಮಯ ಗಿಟ್ಟುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಇನ್ನೊಂದೆರಡು ಕಾರ್ಡು ಸೇರಿಸಲು ಸಾಧ್ಯವೇ ಎಂದು ಎದುರಿನವರನ್ನು ಕೇಳುತ್ತೇನೆ. ಆಗದಿದ್ದರೆ ಬೇಡವೆಂದು ವಿನಯದಿಂದ ತಿಳಿಸುತ್ತೇನೆ.

ಒಟ್ಟುಗೂಡಿಸಿ ಕಳುಹಿಸುವುದು ಎಷ್ಟು ಸುಲಭ ಎಂಬುದು ತೂಕ ನೋಡಿದರೆ ತಿಳಿಯುತ್ತದೆ. ಮ್ಯಾಜಿಕ್ ಮತ್ತು ಪೋಕೆಮಾನ್ ಕಾರ್ಡುಗಳ ಅಳತೆ 63 ಮಿಲಿಮೀಟರಿಗೆ 88 ಮಿಲಿಮೀಟರ್. ಯು-ಗಿ-ಓ ಎಂಬ ಇನ್ನೊಂದು ಆಟದ ಕಾರ್ಡು ಅದಕ್ಕಿಂತ ತುಸು ಚಿಕ್ಕದು. ಒಂದು ಕಾರ್ಡಿನ ತೂಕ ಎರಡು ಗ್ರಾಂ ಕೂಡ ಇರುವುದಿಲ್ಲ. ಎ4 ಅಳತೆಯ ಸಾಮಾನ್ಯ ಹಾಳೆಯೊಂದು ಐದು ಗ್ರಾಂ ತೂಗುತ್ತದೆ. ಬಹಳಷ್ಟು ದೇಶಗಳಲ್ಲಿ ಪತ್ರದ ಮೊದಲ ತೂಕದ ಮಿತಿ 20 ಗ್ರಾಂ. ಹೀಗಾಗಿ ಒಂದು ಕಾರ್ಡಿಗೆ ಆಗುವ ಅಂಚೆಯ ದರದಲ್ಲಿಯೇ ನಾಲ್ಕೈದು ಕಾರ್ಡುಗಳು ಆರಾಮವಾಗಿ ಹೋಗುತ್ತವೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದಿದ್ದರೆ ಕಣ್ಣಳತೆಯ ಮೇಲೆ ಹೆಚ್ಚು ಚೀಟಿ ಅಂಟಿಸುವುದೂ ತಪ್ಪುತ್ತದೆ. ಬರೀ ಈ ಒಂದು ಅಭ್ಯಾಸದಿಂದ ನನ್ನ ಖರ್ಚು ಇಳಿದಷ್ಟು ಬೇರೆ ಯಾವುದರಿಂದಲೂ ಇಳಿದಿಲ್ಲ.

ತೂಕಕ್ಕಿಂತ ಹೆಚ್ಚು ತೊಂದರೆ ಕೊಡುವುದು ದಪ್ಪ ಮತ್ತು ಗಡಸುತನ. ಪತ್ರಗಳನ್ನು ವಿಂಗಡಿಸುವ ಯಂತ್ರದಲ್ಲಿ ಲಕೋಟೆಗಳು ಎರಡು ಪಟ್ಟಿಗಳ ನಡುವೆ ಸಿಕ್ಕಿ, ಉರುಳೆಗಳ ಸುತ್ತ ಬಾಗುತ್ತ, ಭಾರೀ ವೇಗದಲ್ಲಿ ಓಡುತ್ತವೆ. ಬಾಗದ ವಸ್ತು ಒಳಗಿದ್ದರೆ ಲಕೋಟೆ ಹರಿಯಬಹುದು ಅಥವಾ ಯಂತ್ರವೇ ಸಿಕ್ಕಿಹಾಕಿಕೊಳ್ಳಬಹುದು. ಆದ್ದರಿಂದಲೇ ಗಡಸಾದ ಲಕೋಟೆಗೆ ಹಲವು ಕಡೆ ಹೆಚ್ಚುವರಿ ದರ ಹಾಕುತ್ತಾರೆ, ಅಥವಾ ಅದನ್ನು ಪಾರ್ಸೆಲ್ ಎಂದೇ ಪರಿಗಣಿಸುತ್ತಾರೆ. ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿಟ್ಟು ತೆಳು ಕಾಗದದ ಲಕೋಟೆಯಲ್ಲಿ ಕಳುಹಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನನಗೆ ಒಮ್ಮೆ ಹಾಗೆ ಬಂದ ಲಕೋಟೆಯ ಒಂದು ಬದಿ ಪೂರ್ತಿ ಸೀಳಿ, ಕವಚದ ಮೂಲೆ ಹೊರಗೆ ಇಣುಕುತ್ತಿತ್ತು. ಕಾರ್ಡು ಬಿದ್ದುಹೋಗದೆ ಉಳಿದದ್ದು ಪುಣ್ಯ. ಟಾಪ್‌ಲೋಡರ್ ಬಳಸುವುದಾದರೆ ಗುಳ್ಳೆ ಹೊದಿಕೆಯ ಬಬಲ್ ಲಕೋಟೆಯನ್ನೇ ಬಳಸಿ, ಅದರ ದರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅಗ್ಗದ ಮತ್ತು ಮಧ್ಯಮ ಬೆಲೆಯ ಕಾರ್ಡುಗಳಿಗೆ ನಾನು ಈಗ ಅನುಸರಿಸುವ ವಿಧಾನ ಹೀಗಿದೆ. ಪ್ರತಿ ಕಾರ್ಡನ್ನೂ ಮೆದು ಸ್ಲೀವಿನಲ್ಲಿ ಹಾಕಿ, ಎರಡೆರಡನ್ನು ಬೆನ್ನಿಗೆ ಬೆನ್ನು ತಾಗಿಸಿ, ಲಕೋಟೆಯ ಒಳಗಿನ ಅಳತೆಗೆ ಕತ್ತರಿಸಿದ ತೆಳು ರಟ್ಟಿನ ಎರಡು ತುಂಡುಗಳ ನಡುವೆ ಅಕ್ಕಪಕ್ಕ ಮಲಗಿಸುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ನಡುವೆ ಉಬ್ಬು ಬರುತ್ತದೆ, ಯಂತ್ರದ ಉರುಳೆ ಆ ಉಬ್ಬಿನ ಅಂಚಿಗೇ ಒತ್ತುತ್ತದೆ. ರಟ್ಟಿನ ನಾಲ್ಕೂ ಬದಿಗೆ ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ಹಚ್ಚುತ್ತೇನೆ. ಅದು ಅಂಟು ಉಳಿಸದೆ ಬಿಡಿಸಿಕೊಳ್ಳುತ್ತದೆ. ಟೇಪಿನ ತುದಿಯನ್ನು ಒಂದು ಬೆರಳಗಲ ಒಳಕ್ಕೆ ಮಡಚಿ ಕಿವಿಯಂತೆ ಬಿಟ್ಟರೆ, ಪಡೆದವರು ಕತ್ತರಿ ತರದೆಯೇ ಎಳೆದು ತೆರೆಯಬಹುದು. ಈ ಮಡಿಕೆಯನ್ನು ಕ್ಷುಲ್ಲಕವೆಂದು ಯಾರೂ ತಿಳಿಯಬಾರದು. ಪಾರದರ್ಶಕ ಟೇಪನ್ನು ಟಾಪ್‌ಲೋಡರಿನ ಬಾಯಿಗೆ ನೇರವಾಗಿ ಬಿಗಿದು ಕಳುಹಿಸಿದ್ದ ಒಂದು ಕಾರ್ಡನ್ನು ಬಿಡಿಸುವಾಗ, ಟೇಪಿನ ಅಂಟು ಸ್ಲೀವಿನ ತುಟಿಗೆ ಹಿಡಿದು, ಸ್ಲೀವಿನ ಜೊತೆ ಕಾರ್ಡೂ ಓರೆಯಾಗಿ ಮೇಲೆದ್ದು, ಕವಚದ ಗಟ್ಟಿ ಅಂಚಿಗೆ ಉಜ್ಜಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಬಲಮೂಲೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಬಿಳಿ ಚುಕ್ಕೆಯೊಂದು ಎದ್ದಿತು. ಸಾವಿರಾರು ಮೈಲಿ ಸುರಕ್ಷಿತವಾಗಿ ಬಂದ ಕಾರ್ಡು ನನ್ನ ಮೇಜಿನ ಮೇಲೆ, ನನ್ನ ಕೈಯಲ್ಲಿಯೇ, ಹೊಸದೆನ್ನುವ ಹೆಸರನ್ನು ಕಳೆದುಕೊಂಡಿತು.

ಹೊಳೆಯುವ ಫಾಯಿಲ್ ಕಾರ್ಡುಗಳ ಬಗ್ಗೆ ಒಂದು ಮಾತು. ಅವುಗಳ ಒಂದು ಮುಖಕ್ಕೆ ತೇವ ಹೀರದ ಹೊಳಪಿನ ಪೊರೆ ಇರುತ್ತದೆ, ಅದರ ಹಿಂದೆ ಕಾಗದ ಇರುತ್ತದೆ. ಕಾಗದ ತೇವ ಹೀರಿ ಹಿಗ್ಗುತ್ತದೆ, ಪೊರೆ ಹಿಗ್ಗುವುದಿಲ್ಲ. ಅದರಿಂದ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಒಣಹವೆಯ ಊರಿನಿಂದ ತೇವದ ಊರಿಗೆ ಹೋದಾಗ ಇದು ಹೆಚ್ಚು. ಕಳುಹಿಸಿದವರ ತಪ್ಪೆಂದು ಜಗಳಕ್ಕೆ ನಿಲ್ಲುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಕಾರ್ಡಿನ ಸ್ಥಿತಿಯ ಬಗೆಗಿನ ಭಿನ್ನಾಭಿಪ್ರಾಯವೇ ನನ್ನ ದೃಷ್ಟಿಯಲ್ಲಿ ಅಂಚೆಯ ವಿನಿಮಯದ ಅತಿ ದೊಡ್ಡ ಗುಪ್ತ ಖರ್ಚು. ಎದುರು ಕುಳಿತು ಬದಲಾಯಿಸುವಾಗ ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೇಲ್ಮೈಯ ಗೀರು, ಅಂಚಿನ ಬಿಳಿಚು, ಚಿತ್ರದ ಸುತ್ತಲಿನ ಅಂಚುಪಟ್ಟಿಗಳ ಅಗಲದಲ್ಲಿನ ವ್ಯತ್ಯಾಸ ಎಲ್ಲವನ್ನೂ ನೋಡಬಹುದು. ಅಂಚೆಯಲ್ಲಿ ನಾವು ನಂಬುವುದು ಒಂದು ಫೋಟೋವನ್ನು ಮತ್ತು 'ನಿಯರ್ ಮಿಂಟ್' (ಹೆಚ್ಚುಕಡಿಮೆ ಹೊಸದು) ಎಂಬ ಎರಡು ಪದಗಳನ್ನು. ಆ ಎರಡು ಪದಗಳು ಒಬ್ಬರಿಗೆ ಪ್ಯಾಕೆಟ್ಟಿನಿಂದ ನೇರವಾಗಿ ಸ್ಲೀವಿಗೆ ಹೋದದ್ದೆಂಬ ಅರ್ಥ ಕೊಟ್ಟರೆ, ಇನ್ನೊಬ್ಬರಿಗೆ ನಾಲ್ಕು ಸಲ ಆಡಿದರೂ ಹರಿಯದೆ ಉಳಿದದ್ದೆಂಬ ಅರ್ಥ ಕೊಡುತ್ತವೆ. 1991ರಲ್ಲಿ ಶುರುವಾದ ಪಿಎಸ್‌ಎ ಯಂಥ ಸಂಸ್ಥೆಗಳು ಕಾರ್ಡುಗಳಿಗೆ 1ರಿಂದ 10ರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡಲಾರಂಭಿಸಿದ್ದು ಈ ಗೊಂದಲವನ್ನು ಕಳೆಯಲೆಂದೇ. ಆದರೆ 10 ಮತ್ತು 9ರ ನಡುವಿನ ಬೆಲೆಯ ಅಂತರ ಎಷ್ಟೋ ಕಾರ್ಡುಗಳಲ್ಲಿ ಬಹಳ ದೊಡ್ಡದಾಗಿರುವುದರಿಂದ, ದರ್ಜೆ ಪಡೆಯದ ಒಳ್ಳೆಯ ಕಾರ್ಡನ್ನು ಅಂಚೆಗೆ ಹಾಕುವಾಗ ಭಯ ಇನ್ನೂ ಹೆಚ್ಚಾಗಿದೆ. ನಾನು ಈಗ ಪ್ರತಿ ಕಾರ್ಡಿಗೂ ನಾಲ್ಕು ಫೋಟೋ ಕೇಳುತ್ತೇನೆ: ಮುಂಭಾಗ, ಹಿಂಭಾಗ, ದೀಪದ ಬೆಳಕು ಓರೆಯಾಗಿ ಬಿದ್ದಾಗ ಮೇಲ್ಮೈ, ಮತ್ತು ಕಪ್ಪು ಬಟ್ಟೆಯ ಮೇಲಿಟ್ಟಾಗ ಕಾಣುವ ಅಂಚುಗಳು. ಕೇಳದಿದ್ದರೂ ಅಷ್ಟನ್ನೇ ನಾನೂ ಕಳುಹಿಸುತ್ತೇನೆ. ಇದರಿಂದ ಯಾರಿಗಾದರೂ ಬೇಸರವಾದರೆ ಆ ವಿನಿಮಯ ಅಲ್ಲಿಗೇ ನಿಲ್ಲುವುದು ಇಬ್ಬರಿಗೂ ಕ್ಷೇಮ.

ನಕಲಿ ಕಾರ್ಡುಗಳ ಭಯ ಅಷ್ಟೊಂದು ದೊಡ್ಡದಲ್ಲ, ಏಕೆಂದರೆ ಬಂದ ಕೂಡಲೇ ಪರೀಕ್ಷಿಸಬಹುದು. ಮ್ಯಾಜಿಕ್ ಕಾರ್ಡಿನ ಹಿಂಭಾಗದಲ್ಲಿ ಐದು ಬಣ್ಣದ ಚುಕ್ಕೆಗಳಿವೆ. ಅವುಗಳಲ್ಲಿ ಹಸಿರು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅಸಲಿ ಕಾರ್ಡಿನಲ್ಲಿ ನಾಲ್ಕು ಪುಟ್ಟ ಕೆಂಪು ಬಿಂದುಗಳು ಎಲ್ ಅಕ್ಷರದ ಆಕಾರದಲ್ಲಿ ಕಾಣುತ್ತವೆ. ಮೂವತ್ತು ಪಟ್ಟು ಹಿಗ್ಗಿಸುವ ಚಿಕ್ಕ ಗಾಜು ಇದ್ದರೆ ಸಾಕು. ಆದರೆ ನಕಲಿಯೆಂದು ಗೊತ್ತಾದ ಮೇಲೆ ಏನು ಮಾಡುವುದು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದು ನಮ್ಮನ್ನು ವಿನಿಮಯದ ನಿಜವಾದ ದೌರ್ಬಲ್ಯಕ್ಕೆ ಕರೆದೊಯ್ಯುತ್ತದೆ.

ಕೊಳ್ಳುವಾಗ ಹಣ ಕೊಟ್ಟಿರುತ್ತೇವೆ. ವಸ್ತು ಬರದಿದ್ದರೆ ಹಣ ಪಾವತಿಸಿದ ವ್ಯವಸ್ಥೆಯ ಬಳಿ ದೂರು ಕೊಟ್ಟು ಮರಳಿ ಪಡೆಯುವ ದಾರಿ ಇರುತ್ತದೆ. ವಿನಿಮಯದಲ್ಲಿ ಹಣವೇ ಕೈ ಬದಲಾಗಿಲ್ಲವಾದ್ದರಿಂದ ಮರಳಿ ಕೊಡುವವರು ಯಾರೂ ಇಲ್ಲ. ಅಂಚೆಯ ವಿಮೆ ಮಾಡಿಸಿದರೂ, ಪರಿಹಾರ ಕೇಳುವಾಗ ವಸ್ತುವಿನ ಬೆಲೆಗೆ ಸಾಮಾನ್ಯವಾಗಿ ಪುರಾವೆ ಕೇಳುತ್ತಾರೆ. ಕೊಂಡ ರಸೀದಿಯೂ ಇಲ್ಲದ, ಮಾರಿದ ಬಿಲ್ಲೂ ಇಲ್ಲದ ಕಾರ್ಡಿಗೆ ಏನು ಪುರಾವೆ ತೋರಿಸುವುದು? ಒಪ್ಪಂದದ ದಿನದ ಬೆಲೆಪಟ್ಟಿಯ ಚಿತ್ರ, ಇಬ್ಬರ ನಡುವಿನ ಮಾತುಕತೆ, ಕಾರ್ಡಿನ ಫೋಟೋ ಇವನ್ನೆಲ್ಲ ಉಳಿಸಿಕೊಂಡರೆ ಸ್ವಲ್ಪ ಬಲ ಬರುತ್ತದೆ, ಆದರೆ ಅದು ಸಾಕಾಗುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದಲೇ ಸಂಗ್ರಾಹಕರ ನಡುವೆ ಕೆಲವು ಪದ್ಧತಿಗಳು ರೂಢಿಗೆ ಬಂದಿವೆ. ಹೊಸಬರು ಮೊದಲು ಕಳುಹಿಸುತ್ತಾರೆ, ಅವರ ಲಕೋಟೆ ತಲುಪಿದ ಮೇಲೆ ಹಳಬರು ಕಳುಹಿಸುತ್ತಾರೆ. ಇಬ್ಬರೂ ಸಮಾನ ಅನುಭವದವರಾದರೆ ಒಂದೇ ದಿನ ಕಳುಹಿಸಿ ಅಂಚೆಯ ರಸೀದಿಯ ಫೋಟೋ ಬದಲಾಯಿಸಿಕೊಳ್ಳುತ್ತಾರೆ. ದೊಡ್ಡ ಮೊತ್ತವಾದರೆ ಇಬ್ಬರೂ ನಂಬುವ ಮೂರನೆಯವರಿಗೆ ಎರಡೂ ಲಕೋಟೆಗಳು ಹೋಗಿ, ಅವರು ಪರೀಕ್ಷಿಸಿ ಮುಂದಕ್ಕೆ ಕಳುಹಿಸುತ್ತಾರೆ. ಕೊನೆಯ ಪದ್ಧತಿಯಲ್ಲಿ ಲಕೋಟೆಗಳು ಎರಡರಿಂದ ನಾಲ್ಕಾಗುತ್ತವೆ ಎಂಬುದನ್ನು ಮರೆಯಬಾರದು.

ಒಂದು ವಿನಿಮಯವನ್ನು ಇಲ್ಲಿ ಹೇಳಲೇಬೇಕು. ಆರು ಕಾರ್ಡುಗಳಿಗೆ ಆರು ಕಾರ್ಡುಗಳ ಒಪ್ಪಂದವಾಗಿ, ಒಂದೇ ದಿನ ಇಬ್ಬರೂ ಸಾಮಾನ್ಯ ಅಂಚೆಯಲ್ಲಿ, ಟ್ರ್ಯಾಕಿಂಗ್ ಇಲ್ಲದೆ ಕಳುಹಿಸಿದೆವು. ಅವರದ್ದು ಹತ್ತನೆಯ ದಿನ ನನ್ನ ಕೈ ಸೇರಿತು. ಆರೂ ಕಾರ್ಡುಗಳು ಹೇಳಿದ್ದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿದ್ದವು. ನನ್ನದು ಅವರನ್ನು ತಲುಪಲೇ ಇಲ್ಲ. ಇಪ್ಪತ್ತನೆಯ ದಿನ ಅವರು ಬಹಳ ಸಂಕೋಚದಿಂದ, ನೀವು ಕಳುಹಿಸಿದ್ದೀರಿ ಅಲ್ಲವೇ ಎಂದು ಕೇಳಿದರು. ಆ ಪ್ರಶ್ನೆಗೆ ಹೌದು ಎಂದು ಬರೆಯುವಾಗ, ನನ್ನ ಮಾತನ್ನು ಬಿಟ್ಟರೆ ಅವರಿಗೆ ತೋರಿಸಲು ನನ್ನ ಬಳಿ ಏನೂ ಇಲ್ಲವೆಂಬುದು ಮೊದಲ ಬಾರಿಗೆ ನನಗೆ ಮನದಟ್ಟಾಯಿತು. ನಲವತ್ತನೆಯ ದಿನ ಅವರ ಆರೂ ಕಾರ್ಡುಗಳನ್ನು ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ನಾನೇ ಖರ್ಚು ಹಾಕಿ ಹಿಂದಿರುಗಿಸಿದೆ. ನನ್ನ ಆರು ಕಾರ್ಡುಗಳು ಎಲ್ಲಿ ಹೋದವೆಂಬುದು ಇಂದಿಗೂ ಗೊತ್ತಿಲ್ಲ. ಅವರು ಇಂದಿಗೂ ನನ್ನ ಜೊತೆ ವಿನಿಮಯ ಮಾಡುತ್ತಾರೆ, ಆ ಪುಟದ ಲೆಕ್ಕದಲ್ಲಿ ಬರೆಯಲಾಗದೆ ಉಳಿದ ಆದಾಯವೆಂದರೆ ಅದೊಂದೇ.

ಟ್ರ್ಯಾಕಿಂಗ್ ಯಾವಾಗ ಬೇಕು ಎಂಬುದನ್ನು ಲೆಕ್ಕದಿಂದಲೂ ತೀರ್ಮಾನಿಸಬಹುದು. ನೂರು ಲಕೋಟೆಗಳಲ್ಲಿ ಒಂದು ಕಳೆದುಹೋಗುತ್ತದೆ ಎಂದೂ, ಟ್ರ್ಯಾಕಿಂಗಿಗೆ ಹೆಚ್ಚುವರಿಯಾಗಿ ಎರಡು ಲಕೋಟೆಯಷ್ಟು ಖರ್ಚಾಗುತ್ತದೆ ಎಂದೂ ಇಟ್ಟುಕೊಂಡರೆ, ಒಳಗಿರುವ ಕಾರ್ಡುಗಳ ಬೆಲೆ ಇನ್ನೂರು ಲಕೋಟೆ ದಾಟಿದ ಮೇಲೆ ಮಾತ್ರ ಅದು ಗಿಟ್ಟುತ್ತದೆ, ಅದೂ ಟ್ರ್ಯಾಕಿಂಗ್ ಇದ್ದರೆ ಕಾರ್ಡು ಕಳೆಯುವುದೇ ಇಲ್ಲ ಎಂದುಕೊಂಡರೆ. ಆದರೆ ನಾನು ಆ ಘಟನೆಯ ನಂತರ ಇಪ್ಪತ್ತೈದು ಮೂವತ್ತು ಲಕೋಟೆಯ ಬೆಲೆಗೇ ಟ್ರ್ಯಾಕಿಂಗ್ ಮಾಡಿಸುತ್ತೇನೆ. ಆ ಖರ್ಚನ್ನು ನಾನು ಕಾರ್ಡಿನ ವಿಮೆಯೆಂದು ಬರೆಯುವುದಿಲ್ಲ; ನನ್ನ ಮಾತಿಗೆ ಸಾಕ್ಷಿ ಒದಗಿಸುವ ಖರ್ಚೆಂದು ಬರೆಯುತ್ತೇನೆ.

ಗಡಿ ದಾಟುವ ವಿನಿಮಯಕ್ಕೆ ಲೆಕ್ಕವೇ ಬೇರೆ. ಹಣದ ವ್ಯವಹಾರ ಇಲ್ಲದಿದ್ದರೂ ಸುಂಕದ ಇಲಾಖೆಯ ಕಣ್ಣಿನಲ್ಲಿ ಕಾರ್ಡು ಸರಕೇ. ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಸರಕು ಇರುವ ಅಂಚೆಗೆ ಸುಂಕದ ಘೋಷಣೆ ಅಂಟಿಸಬೇಕು. 300 ಎಸ್‌ಡಿಆರ್‌ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ವರೆಗಿನ ಬೆಲೆಗೆ ಸಿಎನ್ 22 ಎಂಬ ಚಿಕ್ಕ ನಮೂನೆ, ಅದಕ್ಕಿಂತ ಹೆಚ್ಚಾದರೆ ಸಿಎನ್ 23. ಅದರಲ್ಲಿ ವಸ್ತುವಿನ ವಿವರ ಮತ್ತು ಬೆಲೆಯನ್ನು ಬರೆಯಲೇಬೇಕು. ಉಡುಗೊರೆ ಎಂದು ಗುರುತು ಹಾಕಿಬಿಡಿ ಎಂದು ಕೇಳುವವರು ಬಹಳ ಜನ ಇದ್ದಾರೆ. ಪ್ರತಿಯಾಗಿ ಇನ್ನೊಂದು ಕಾರ್ಡು ಪಡೆಯುವಾಗ ಅದು ಉಡುಗೊರೆಯಲ್ಲ. ಹಾಗೆ ಬರೆಯುವುದು ಸುಳ್ಳು ಘೋಷಣೆಯಾಗುತ್ತದೆ, ಜೊತೆಗೆ ಬೆಲೆಯನ್ನು ಕಡಿಮೆ ಬರೆದರೆ ಕಳೆದುಹೋದಾಗ ಸಿಗಬಹುದಾದ ಪರಿಹಾರವೂ ಆ ಕಡಿಮೆ ಬೆಲೆಗೇ ನಿಲ್ಲುತ್ತದೆ. ತಲುಪುವ ದೇಶದಲ್ಲಿ ಸುಂಕ, ತೆರಿಗೆ, ಅದನ್ನು ವಸೂಲಿ ಮಾಡುವುದಕ್ಕೆ ಅಂಚೆಯವರು ಹಾಕುವ ಶುಲ್ಕ ಇವೆಲ್ಲ ಸೇರಿದರೆ ಚಿಕ್ಕ ವಿನಿಮಯ ಅರ್ಥ ಕಳೆದುಕೊಳ್ಳುತ್ತದೆ. ಒಂದು ಭಾಷೆಯಲ್ಲಿ ಮಾತ್ರ ಅಚ್ಚಾದ ಕಾರ್ಡು, ಒಂದು ದೇಶದಲ್ಲಿ ಮಾತ್ರ ಪ್ರಚಾರಕ್ಕೆಂದು ಹಂಚಿದ ಪ್ರೋಮೋ ಕಾರ್ಡು ಇಂಥವುಗಳಿಗಾಗಿ ಮಾತ್ರ ನಾನು ಗಡಿಯಾಚೆ ಬರೆಯುತ್ತೇನೆ, ವರ್ಷಕ್ಕೊಮ್ಮೆ ಪಟ್ಟಿಯೆಲ್ಲ ಕೂಡಿಸಿ ಒಂದೇ ಕಟ್ಟಿನಲ್ಲಿ.

ಸಮಯವೂ ಖರ್ಚೇ. ಆಟ ಆಡುವವರಿಗೆ ಕಾರ್ಡು ಬೇಕಾಗುವುದು ಬರುವ ವಾರದ ಪಂದ್ಯಕ್ಕೆ. ಅದು ಮೂರು ವಾರದ ನಂತರ ಬಂದರೆ ಆ ಹೊತ್ತಿಗೆ ಮರುಮುದ್ರಣದ ಸುದ್ದಿ ಹೊರಬಿದ್ದು ಬೆಲೆ ಅರ್ಧಕ್ಕಿಳಿದಿರಬಹುದು. ಮ್ಯಾಜಿಕ್‌ನಲ್ಲಿ ಇನ್ನೆಂದೂ ಅಚ್ಚು ಹಾಕುವುದಿಲ್ಲವೆಂದು 1996ರಲ್ಲಿ ಪ್ರಕಟಿಸಿದ ರಿಸರ್ವ್ಡ್ ಲಿಸ್ಟ್‌ನ ಕಾರ್ಡುಗಳಿಗೆ ಈ ಆತಂಕವಿಲ್ಲ, ಉಳಿದವಕ್ಕೆ ಇದೆ. ಆದ್ದರಿಂದ ಆಟಗಾರರು ಬಿಡಿ ಕಾರ್ಡು ಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಬೈಂಡರಿನ ಒಂಬತ್ತು ಕಿಸೆಯ ಹಾಳೆಯಲ್ಲಿ ಖಾಲಿ ಕಿಸೆ ತುಂಬುವುದಷ್ಟೇ ಗುರಿಯಾಗಿರುವ ನನ್ನಂಥವರಿಗೆ ಮೂರು ವಾರ ಒಂದು ವಿಷಯವೇ ಅಲ್ಲ. ಒಪ್ಪಂದವಾದ ದಿನದ ಬೆಲೆಗೇ ಇಬ್ಬರೂ ಬದ್ಧ, ನಡುವೆ ಏರಿದರೂ ಇಳಿದರೂ ಮಾತು ಬದಲಿಸುವುದಿಲ್ಲ ಎಂದು ಮೊದಲೇ ಬರೆದುಕೊಳ್ಳುವುದರಿಂದ ನನಗೆ ಇಲ್ಲಿಯವರೆಗೆ ಒಂದು ಜಗಳವೂ ಆಗಿಲ್ಲ.

ಈ ವಾರ ನನ್ನ ಮುಂದೆ ಎರಡು ಪ್ರಸ್ತಾಪಗಳಿವೆ. ಒಂದರಲ್ಲಿ, ನನ್ನ ಬಳಿಯಿರುವ ಅತ್ಯಂತ ಬೆಲೆಬಾಳುವ ಕಾರ್ಡಿಗೆ ಬದಲಾಗಿ ನಾನು ಬಹಳ ದಿನಗಳಿಂದ ಹುಡುಕುತ್ತಿದ್ದ ಮೂರು ಕಾರ್ಡುಗಳನ್ನು ಕೊಡುವುದಾಗಿ ಒಬ್ಬರು ಹೇಳಿದ್ದಾರೆ. ಬೆಲೆ ಸರಿಹೊಂದುತ್ತದೆ, ಅವರ ಹೆಸರು ಒಳ್ಳೆಯದಿದೆ, ಆದರೂ ಅಂಚೆಯಲ್ಲಿ ಬೇಡ, ಮುಖತಃ ಭೇಟಿಯಾದಾಗ ಮಾಡೋಣ ಎಂದು ಬರೆದಿದ್ದೇನೆ. ಆ ಒಂದು ಲಕೋಟೆ ಕಳೆದರೆ ಇಷ್ಟು ವರ್ಷದ ಉಳಿತಾಯವೆಲ್ಲ ಅದರ ಜೊತೆಗೇ ಹೋಗುತ್ತದೆ. ಇನ್ನೊಂದು, ಹಿಂದೆ ನನ್ನ ಲಕೋಟೆ ಕಳೆದುಹೋದಾಗ ತಾಳ್ಮೆಯಿಂದ ಕಾದವರದ್ದು. ಅವರಿಗೆ ಬೇಕಾದ ಐದು, ನನಗೆ ಬೇಕಾದ ನಾಲ್ಕು. ರಟ್ಟು ಕತ್ತರಿಸಿಟ್ಟಿದ್ದೇನೆ, ತಕ್ಕಡಿಯಲ್ಲಿ ಎಲ್ಲ ಸೇರಿ 19 ಗ್ರಾಂ ತೋರಿಸುತ್ತಿದೆ. ಅವು ಬಂದರೆ ನನ್ನ ಸೆಟ್ಟಿನಲ್ಲಿ ಎರಡು ಕಿಸೆಗಳು ಮಾತ್ರ ಖಾಲಿ ಉಳಿಯುತ್ತವೆ.